ಎಡಗಡೆಯ ತಟ್ಟೆ

ಪಾಲಹಳ್ಳಿಯ ಶಿವಲಿಂಗಯ್ಯನ ಮನೆಯಲ್ಲಿ ರಾತ್ರಿ ಊಟಕ್ಕೆ ತಟ್ಟೆ ಹಾಕುವವನು ಅವನ ತಮ್ಮ ನರಸಯ್ಯ. ಮದುವೆಯಾಗದ ಮನುಷ್ಯ, ಐವತ್ತು ದಾಟಿದೆ. ಗೋಡೆಯ ಕಡೆಯಿಂದ ಮೊದಲ ತಟ್ಟೆ ತಾಯಿ ಸಣ್ಣಮ್ಮನದು, ಆಮೇಲೆ ಅಣ್ಣನದು, ಆಮೇಲೆ ಅಣ್ಣನ ಮಗ ಅಭಿಯದು, ಬಾಗಿಲ ಪಕ್ಕದ ಕೊನೆಯದು ತನ್ನದು. ಬಡಿಸುವ ಅತ್ತಿಗೆ ಪ್ರೇಮಮ್ಮ ಆಮೇಲೆ ಉಣ್ಣುತ್ತಾಳೆ. ಈ ಸಾಲು ತಪ್ಪಿದ್ದನ್ನು ಯಾರೂ ಕಂಡಿಲ್ಲ. ನೆಂಟರು ಬಂದು ನಡುವೆ ಕೂತುಬಿಟ್ಟರೆ ನರಸಯ್ಯ ತನ್ನ ತಟ್ಟೆ ಎತ್ತಿಕೊಂಡು ಆಲೆಮನೆಗೆ ಹೋಗಿ, ಬೆಲ್ಲದ ಅಚ್ಚುಗಳ ಎದುರು ಕೂತು ಉಣ್ಣುತ್ತಿದ್ದ. ಮನೆಯವರು ಅದನ್ನು ದೊಡ್ಡದು ಮಾಡಿದವರಲ್ಲ. "ದೇವ್ರು ಒಬ್ಬೊಬ್ಬರನ್ನ ಒಂದೊಂದು ಅಚ್ಚಿಗೆ ಹುಯ್ದವ್ನೆ. ಬೆಲ್ಲ ಬೆಲ್ಲಾನೇ," ಅನ್ನುವುದು ಸಣ್ಣಮ್ಮನ ಮಾತು.

ಆಲೆಮನೆ ಇವರದೇ, ಮನೆಗೆ ಅಂಟಿಕೊಂಡೇ ಇದೆ. ಬೆಳಗ್ಗೆ ಕಬ್ಬಿನ ಗಾಣ ಶುರುವಾದರೆ ಅಡುಗೆಮನೆಯ ಡಬ್ಬಿಗಳೂ ಸಣ್ಣಗೆ ನಡುಗುತ್ತವೆ. ಉಪ್ಪು ಕೇಳುವುದಕ್ಕೂ ಕೂಗಬೇಕು. ಹೊಸಬರು ಬಂದರೆ ಇಲ್ಲಿ ಜಗಳ ನಡೆಯುತ್ತಿದೆ ಅಂದುಕೊಳ್ಳುತ್ತಾರೆ.

ಆ ಸಂಜೆ ನಿಜವಾಗಿಯೂ ಜಗಳವಾಯಿತು.

"ಸಿಂಧಘಟ್ಟದವ್ರಿಗೆ ಬ್ಯಾಡ ಅಂತ ಹೇಳ್ಬುಡಿ," ಅಂದ ಅಭಿ, ಮುದ್ದೆ ಮುರಿಯುತ್ತ.

ಪ್ರೇಮಮ್ಮನ ಕೈಯಲ್ಲಿದ್ದ ಉಪ್ಸಾರಿನ ಸೌಟು ಅಲ್ಲೇ ನಿಂತಿತು. ಹದಿನೈದು ದಿನದ ಹಿಂದೆ ಎಲ್ಲರೂ ಕೆ.ಆರ್. ಪೇಟೆ ಆಚೆಗಿನ ಸಿಂಧಘಟ್ಟಕ್ಕೆ ಹೋಗಿ ನಿಂಗರಾಜುವಿನ ಮಗಳು ಹೇಮಳನ್ನು ನೋಡಿ ಬಂದಿದ್ದರು. ಹುಡುಗಿ ಪೇಟೆಯ ಶಾಲೆಯೊಂದರಲ್ಲಿ ಟೀಚರು. ಹುಡುಗ ಹುಡುಗಿ ಒಪ್ಪಿದ್ದರು, ಫೋನ್ ನಂಬರು ಕೊಟ್ಟುಕೊಂಡಿದ್ದರು. ಇನ್ನು ಅವರು ಬಂದು ಮನೆ ನೋಡಿಹೋಗುವುದೊಂದೇ ಬಾಕಿ.

"ಏನ್ಲಾ ಬಂತು ನಿಂಗೆ?" ಅಂದ ಶಿವಲಿಂಗಯ್ಯ. "ನೀನೇ ಹೂಂ ಅಂದೆ, ಈಗ ನೀನೇ ಬ್ಯಾಡ ಅಂತೀಯ. ಹುಡ್ಗಿ ಏನ್ ಅಂಗಡಿ ಸಾಮಾನಾ?"

"ಹುಡ್ಗಿ ಚಿನ್ನದಂಥೋಳು. ನಾನೇ ಸರಿ ಇಲ್ಲ."

"ಏನಾಗೈತೆ?"

ಅಭಿ ತಟ್ಟೆ ನೋಡುತ್ತಲೇ ಹೇಳಿದ. ಸಿಂಧಘಟ್ಟದಲ್ಲಿ ಹೇಮಳ ಅಜ್ಜಿ ಪಕ್ಕದಲ್ಲಿ ಕೂತು ಮೂರು ಸಾರಿ ಮಾತಾಡಿಸಿದರೂ ಇವನು ತಿರುಗಿ ನೋಡಿರಲಿಲ್ಲವಂತೆ. ಹುಡುಗನಿಗೆ ಜಂಬ ಅನ್ನುವ ಮಾತು ನೆಂಟರಿಂದ ನೆಂಟರಿಗೆ ದಾಟಿ ಶ್ರೀರಂಗಪಟ್ಟಣದಲ್ಲಿರುವ ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ಇವನ ರಿವೈಂಡಿಂಗ್ ಅಂಗಡಿಗೂ ಬಂದು ಮುಟ್ಟಿತ್ತು. ತನಗೆ ಜಂಬವಿಲ್ಲವಲ್ಲ, ಮತ್ತೆ ಹೀಗೇಕೆ ಅಂತ ಮೊಬೈಲಿನಲ್ಲಿ ಹುಡುಕುತ್ತ ಹೋದವನಿಗೆ ಒಂದು ಪರೀಕ್ಷೆ ಸಿಕ್ಕಿತು. ಐವತ್ತು ಪ್ರಶ್ನೆ. ಗುಂಪಿನಲ್ಲಿ ಮಾತು ಹಿಡಿಯಲು ಕಷ್ಟವೇ, ಒಬ್ಬರೇ ಕೆಲಸ ಮಾಡುವುದು ಇಷ್ಟವೇ, ನೀವು ಒರಟು ಅಂತ ಜನ ಹೇಳುತ್ತಾರೆಯೇ, ಇಂಥವು. ಎಲ್ಲಕ್ಕೂ ಸತ್ಯವಾದ ಉತ್ತರವನ್ನೇ ಕೊಟ್ಟ. ಕೊನೆಯಲ್ಲಿ ಕೆಂಪು ಪಟ್ಟಿ ಬಂತು. ಐವತ್ತಕ್ಕೆ ಮೂವತ್ತಾರು.

"ಆಟಿಸಂ ಅಂತಾರೆ ಅದಕ್ಕೆ. ಹುಟ್ಟಿದಾಗಿಂದ ಇರ್ತದಂತೆ. ಓದ್ತಾ ಹೋದ್ರೆ ಎಲ್ಲಾ ನಂದೇ ಕತೆ."

"ಅದು ಸಣ್ಣ ಮಕ್ಕಳಿಗೆ ಅಲ್ವಾ?" ಅಂದಳು ಪ್ರೇಮಮ್ಮ.

"ಮಕ್ಕಳು ದೊಡ್ಡೋರಾಗಲ್ವಾ ಅಮ್ಮ?"

"ಮೋಟಾರು ಸುಟ್ಟೋದ್ರೆ ಬಿಚ್ಚಿ ನೋಡ್ದೆ ಹೇಳ್ತೀಯೇನ್ಲಾ ನೀನು?" ಶಿವಲಿಂಗಯ್ಯ ಕೂಗಿದ. "ಅದ್ಯಾವುದೋ ಫೋನು ನಿನ್ನ ಮುಖ ನೋಡ್ದೆ ಹೇಳ್ಬುಡ್ತಂತೆ, ಇವನು ನಂಬ್ಬುಟ್ನಂತೆ!"

"ನಾನು ಹೇಳಿದ್ದನ್ನೇ ಅದು ಲೆಕ್ಕ ಹಾಕಿರೋದು ಅಪ್ಪ. ನನ್ ವಿಷಯ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಿಳ್ಕೊಂಡೂ ಮುಚ್ಚಿಟ್ಟು ಒಂದು ಹೆಣ್ಣಿಗೆ ಮೋಸ ಮಾಡಾಕಿಲ್ಲ ನಾನು."

ಸಣ್ಣಮ್ಮ ಗೋಡೆಯ ಕಡೆಯಿಂದ ಏನೋ ಅಂದಳು. ಅಭಿ ಕೇಳಿಸದವನಂತೆ ಕೈ ತೊಳೆಯಲು ಎದ್ದ.

"ನೋಡಿ, ನಾನು ಮಾತಾಡ್ತಾ ಇವ್ನಿ, ಎದ್ದೋದ," ಅಂದಳು ಮುದುಕಿ.

ನರಸಯ್ಯ ಅಭಿಯ ತಟ್ಟೆ ಎತ್ತಿ ತನ್ನ ತಟ್ಟೆಯ ಕೆಳಗಿಟ್ಟುಕೊಂಡು ಹೊರಗೆ ಹೋದ.

ಮರುದಿನ ಮಧ್ಯಾಹ್ನ ಅಭಿ ಅಂಗಡಿಯಿಂದಲೇ ಹೇಮಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ. ಅವಳು ನಡುವೆ ಬಾಯಿ ಹಾಕಲಿಲ್ಲ. ಸಂಜೆ ಅವಳೇ ತಿರುಗಿ ಮಾಡಿದಳು.

"ಆ ಪರೀಕ್ಷೆ ನಾನೂ ಬರೆದೆ ಕಣ್ರೀ. ನಂಗೆ ಇಪ್ಪತ್ತೊಂಬತ್ತು ಬಂತು."

"ನಿಮ್ಗಾ?"

"ಇಡೀ ದಿನ ಮಕ್ಕಳ ಗಲಾಟೆ ಕೇಳಿ ಬಂದು ಬರೆದ್ರೆ ಇನ್ನೇನು ಬರ್ತದೆ? ಗದ್ದಲ ಇಷ್ಟನಾ ಅಂದ್ರೆ ಇಲ್ಲ. ಜನ ಇಷ್ಟನಾ ಅಂದ್ರೆ ಇಲ್ಲ. ಬೇಸಿಗೆ ರಜೇಲಿ ಬರೆದಿದ್ರೆ ಹತ್ತು ಬರ್ತಿತ್ತೇನೋ. ಅಲ್ಲಾ, ಕೆಂಪು ಪಟ್ಟಿ ಕೆಳಗೆ ಸಣ್ಣಕ್ಷರದಲ್ಲಿ ಬರೆದವ್ರಲ್ಲ, ಇದು ಡಾಕ್ಟರ ತೀರ್ಮಾನ ಅಲ್ಲ, ಅನುಮಾನ ಇದ್ರೆ ತೋರಿಸಿ ಅಂತ. ಅದನ್ನ ಓದಿದ್ರಾ?"

"ಅಲ್ಲೀತನಕ ಹೋಗ್ಲಿಲ್ಲ."

"ಸರಿ ಬಿಡಿ. ನೀವು ತೋರಿಸ್ಕೊಂಡು ಬನ್ನಿ. ಏನಾದ್ರೂ ಇದ್ರೆ ಇರ್ಲಿ, ಇದೆ ಅಂತ ತಿಳ್ಕೊಂಡು ಯೋಚ್ನೆ ಮಾಡೋಣ. ಆದ್ರೆ ಫೋನು ಹೇಳ್ತು ಅಂತ ನನ್ನ ಬಿಡ್ಬೇಡಿ. ನಮ್ಮಪ್ಪಂಗೆ ನಾನಿನ್ನೂ ಏನೂ ಹೇಳಿಲ್ಲ."

ಮುಂದಿನ ವಾರ ಅಮಾವಾಸ್ಯೆ ಬಂತು. ಆ ದಿನ ಗಾಣ ಕಟ್ಟುವುದಿಲ್ಲ. ಗಾಣಕ್ಕೂ ಕೊಪ್ಪರಿಗೆಗೂ ಪೂಜೆ ಮಾಡಿ, ಕಾಯಿ ಒಡೆದು, ಎಲ್ಲರೂ ಜಗಲಿಯ ಮೇಲೆ ಕೂತಿದ್ದರು. ಸದ್ದೇ ಇರಲಿಲ್ಲ, ಆದರೂ ಅಭ್ಯಾಸಕ್ಕೆ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು.

"ತಾ, ನನ್ನನ್ನೂ ಕೇಳ್ಲಾ ಅದರಲ್ಲಿ," ಅಂದಳು ಸಣ್ಣಮ್ಮ. "ಮೊಮ್ಮಗಂಗೆ ಅಷ್ಟು ಬಂದ್ರೆ ನಂಗೆಷ್ಟು ಬತ್ತದೋ ನೋಡಾವ."

ಅಭಿ ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳುತ್ತ ಹೋದ. ಅಜ್ಜಿಗೆ ಗದ್ದಲ ಆಗದು, ದೇವಸ್ಥಾನದಲ್ಲಿ ಒಬ್ಬಳೇ ಕೂರುವುದು ಇಷ್ಟ, ಟಿವಿ ಧಾರಾವಾಹಿಯಲ್ಲಿ ಯಾರಿಗೆ ಯಾರು ಏನಾಗಬೇಕೆಂದು ತಿಳಿಯುವುದಿಲ್ಲ, ಹೊಸ ಊರಿಗೆ ಹೋಗುವುದಂತೂ ಬೇಡವೇ ಬೇಡ. ಕೆಂಪು ಪಟ್ಟಿ. ಮೂವತ್ತೆಂಟು.

"ಗೆದ್ದೆ!" ಅಂದಳು ಮುದುಕಿ.

"ಈಗ ನರಸಯ್ಯಂದು," ಅಂದಳು ಪ್ರೇಮಮ್ಮ, ನಗು ತಡೆಯುತ್ತ.

ನರಸಯ್ಯ ತೊಳೆದ ಅಚ್ಚುಗಳನ್ನು ಬಿಸಿಲಿಗೆ ಜೋಡಿಸುತ್ತಿದ್ದ. ಒಂದು ಚೂರು ವಾರೆಯಾದರೂ ಎತ್ತಿ ಮತ್ತೆ ಇಡುವನು. ತಲೆ ಎತ್ತದೆಯೇ ಉತ್ತರ ಕೊಟ್ಟ.

"ಚಿಕ್ಕಪ್ಪ, ಒಂದೇ ಕೆಲ್ಸಾನ ಯಾವಾಗ್ಲೂ ಒಂದೇ ತರ ಮಾಡೋದು ನಿಂಗಿಷ್ಟನಾ?"

"ಇಷ್ಟ ಏನ್ ಬಂತು? ಕೆಲ್ಸ ಮಾಡಾದೇ ಅಂಗೆ."

"ಜನರ ಜೊತೆ ಇರೋದು ಕಷ್ಟ ಆಗ್ತದಾ?"

"ಯಾಕಾದದು? ಅವರು ಅವರ ಪಾಡಿಗೆ ಇರ್ತಾರೆ."

"ಎದುರಿಗಿರೋರ ಮನಸ್ಸಲ್ಲಿ ಏನೈತೆ ಅಂತ ಗೊತ್ತಾಗ್ತದಾ?"

"ಗೊತ್ತಾಯ್ತದೆ. ಅತ್ಗೆಗೆ ಸಿಟ್ಟು ಬಂದ್ರೆ ಸೌಟು ಕುಕ್ತಾರೆ."

ಎಲ್ಲಕ್ಕೂ ಕಷ್ಟವಿಲ್ಲ, ತೊಂದರೆಯಿಲ್ಲ. ಹಸಿರು ಪಟ್ಟಿ ಬಂತು. ಹನ್ನೊಂದು. ಇಡೀ ಮನೆಯಲ್ಲಿ ಬೇರೆಯವರಂತೆ ಅಲ್ಲದವನು ಒಬ್ಬನಿದ್ದರೆ ಅದು ನರಸಯ್ಯ ಅಂತ ಎಲ್ಲರಿಗೂ ಗೊತ್ತು.

"ನೋಡ್ಲಾ ಅದರ ಯೋಗ್ಯತೆ," ಅಂದ ಶಿವಲಿಂಗಯ್ಯ. "ನಮ್ಮವ್ವಂಗೆ ಐತಂತೆ, ನರಸಂಗೆ ಇಲ್ವಂತೆ. ಇನ್ನಾದ್ರೂ ಬುಟ್ಬುಡು."

ಅಭಿ ನಗಲಿಲ್ಲ. "ಅವರಿಬ್ರದ್ದು ತಪ್ಪಾದ್ರೆ ನಂದೂ ತಪ್ಪು ಅಂತ ಎಂಗಪ್ಪ ಹೇಳೋದು? ಅಜ್ಜಿ ತಮಾಷೆಗೆ ಹೇಳಿದ್ರು. ಚಿಕ್ಕಪ್ಪನ ವಿಷಯ ಅವರಿಗೇ ತಿಳೀದು. ನಾನು ತಿಳ್ದೇ ಹೇಳಿರೋದು."

"ಅಂಗಾರೆ ನಡೀರಿ," ಅಂದಳು ಸಣ್ಣಮ್ಮ, ಮೊಣಕಾಲು ಊರಿ ಏಳುತ್ತ. "ಆದಿಚುಂಚನಗಿರೀಲಿ ಆಸ್ಪತ್ರೆನೂ ಐತೆ, ಭೈರವನೂ ಅವ್ನೆ. ಒಬ್ಬರು ಹೇಳ್ದೇ ಇದ್ದದ್ದು ಇನ್ನೊಬ್ಬರು ಹೇಳ್ತಾರೆ."

ಮಂಗಳವಾರ ಅಭಿ, ಪ್ರೇಮಮ್ಮ, ಸಣ್ಣಮ್ಮ ಮೂವರೂ ಹೊರಟರು. ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿ, ಪಾಂಡವಪುರ ದಾಟಿ, ನಾಗಮಂಗಲದಲ್ಲಿ ಇಳಿದು ಇನ್ನೊಂದು ಬಸ್ಸು. ಬುತ್ತಿಯಲ್ಲಿ ಚಿತ್ರಾನ್ನ. ಅಜ್ಜಿಯ ಮಡಿಲಲ್ಲಿ ಭೈರವನಿಗೆ ಎರಡು ಅಚ್ಚು ಬೆಲ್ಲ. ದಾರಿಯುದ್ದಕ್ಕೂ ಪ್ರೇಮಮ್ಮ ಮಗನ ಎಡಕ್ಕೆ ಕೂತು ಏನೇನೋ ಕೇಳುತ್ತ ಹೋದಳು. ಅವನು ಹೊರಗಿನ ಗದ್ದೆ ನೋಡುತ್ತ ಕೂತಿದ್ದ. ಕೊನೆಗೆ ಅವಳೂ ಸುಮ್ಮನಾದಳು.

ಡಾಕ್ಟರು ನಡುವಯಸ್ಸಿನ ಹೆಂಗಸು. ಅಭಿ ತೋರಿಸಿದ ಕೆಂಪು ಪಟ್ಟಿಯನ್ನು ನೋಡಿ ಅವರು ನಗಲೂ ಇಲ್ಲ, ಬೈಯಲೂ ಇಲ್ಲ.

"ಇದೊಂದು ಜರಡಿ ಅಷ್ಟೇ," ಅಂದರು. "ಜರಡಿ ಮೇಲೆ ಉಳಿದದ್ದೆಲ್ಲ ಕಲ್ಲಲ್ಲ, ದಪ್ಪ ಕಾಳೂ ಇರುತ್ತೆ. ಕೆಳಗೆ ಬಿದ್ದದ್ದರಲ್ಲೂ ಸಣ್ಣ ಕಲ್ಲು ಇರಬಹುದು. ಕೈಯಲ್ಲಿ ಆರಿಸಿ ನೋಡಬೇಕು. ಬನ್ನಿ, ಆರಿಸೋಣ. ಗುಂಪಿನಲ್ಲಿ ಮಾತು ಹಿಡಿಯೋದು ಕಷ್ಟ ಅಂತ ಒತ್ತಿದ್ದೀರಿ. ಏನಾಗುತ್ತೆ ಹೇಳಿ."

"ಎಲ್ರೂ ಒಟ್ಟಿಗೆ ಮಾತಾಡಿದ್ರೆ ಯಾವ ಮಾತು ಎಲ್ಲಿಂದ ಬಂತು ಅಂತಾನೇ ಗೊತ್ತಾಗಲ್ಲ ಮೇಡಂ. ತಲೆ ನೋವು ಬರ್ತದೆ. ಅದಕ್ಕೆ ಎದ್ದು ಹೋಗ್ಬುಡ್ತೀನಿ."

"ಒಬ್ಬರೇ ಇದ್ದು ಮಾತಾಡಿದರೆ?"

"ಎದುರಿಗೆ ಒಬ್ಬರೇ ಇದ್ರೆ ಏನೂ ಇಲ್ಲ. ಫೋನಲ್ಲಂತೂ ಗಂಟೆಗಟ್ಲೆ ಮಾತಾಡ್ತೀನಿ."

"ಗಂಟೆಗಟ್ಲೆಯಾ?" ಪ್ರೇಮಮ್ಮ ತಿರುಗಿದಳು. "ಯಾರ್ ಜೊತೇಲ್ಲಾ?"

"ಸುಮ್ಕಿರು ಪ್ರೇಮ," ಅಂದಳು ಸಣ್ಣಮ್ಮ. "ಇನ್ಯಾರ ಜೊತೆ ಮಾತಾಡ್ತಾನೆ, ಸಿಂಧಘಟ್ಟದ ಜೊತೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಫೋನು ಯಾವ ಕಿವಿಗೆ ಇಟ್ಕೊಳ್ತೀರಿ?"

ಅಭಿ ಬಲಗಿವಿ ಮುಟ್ಟಿ ತೋರಿಸಿದ.

"ಎಡಗಿವಿಗೆ?"

"ಆ ಕಡೆ ಅಭ್ಯಾಸ ಇಲ್ಲ."

ಅವರು ಎದ್ದು ಕಪಾಟಿನಿಂದ ಏನೋ ತೆಗೆಯುವವರಂತೆ ಅವನ ಎಡಗಡೆ ಹೋಗಿ ನಿಂತು ಮೆಲ್ಲಗೆ, "ನಿಮ್ಮ ಊರು ಯಾವುದು ಅಭಿ?" ಅಂದರು. ಮೇಲೆ ಫ್ಯಾನು ತಿರುಗುತ್ತಿತ್ತು. ಅಭಿ ಮೇಜಿನ ಕಡೆ ನೋಡುತ್ತಲೇ ಕೂತಿದ್ದ. ಪ್ರೇಮಮ್ಮ ಉತ್ತರ ಹೇಳಲು ಬಾಯಿ ತೆರೆದವಳು ಡಾಕ್ಟರ ಮುಖ ನೋಡಿ ಹಾಗೇ ಮುಚ್ಚಿದಳು.

ಡಾಕ್ಟರು ಬಂದು ಅವಳ ಎದುರು ಕೂತರು. "ಇವರು ಚಿಕ್ಕ ಹುಡುಗ ಇದ್ದಾಗ ಮಾತು ಬೇಗ ಬಂತಾ?"

"ಅಯ್ಯೋ, ಬಾಯಿಬಡುಕ ಕಣ್ರವ್ವ. ಬೀದಿಯೋರನ್ನೆಲ್ಲ ಕರ್ದು ಕೂರಿಸ್ಕೊಂಡು ಆಟ ಕಟ್ತಿದ್ದ. ಹರಿಕತೆ ನೋಡ್ಕೊಂಡು ಬಂದ್ರೆ ಇಡೀ ಕತೆ ತಿರುಗಿ ಮಾಡಿ ತೋರ್ಸೋನು."

"ಯಾವಾಗ ಸುಮ್ಮನಾದರು?"

ಪ್ರೇಮಮ್ಮ ಅತ್ತೆಯ ಮುಖ ನೋಡಿದಳು.

"ಐದ್ನೇ ಕ್ಲಾಸಲ್ಲಿ ಮಂಗನಬಾವು ಬಂತಲ್ಲ, ಆಮೇಲೆ," ಅಂದಳು ಸಣ್ಣಮ್ಮ ನಿಧಾನವಾಗಿ. "ಕೆನ್ನೆ ತೆಂಗಿನಕಾಯಂಗೆ ಊದ್ಕೊಂಡಿತ್ತು. ನಾನೇ ಬಟ್ಟೆಗೆ ಹಾಕೋ ನೀಲಿ ಹಚ್ಚಿದ್ದೆ. ವಾಸಿಯಾದ್ಮೇಲೆ ಹುಡ್ಗ ಗಂಭೀರ ಆಗ್ಬುಟ್ಟ ಅಂದ್ಕೊಂಡೋ. ಬುದ್ಧಿ ಬಂತು ಅಂತ ಖುಷೀನೂ ಪಟ್ಟೋ."

ಕಿವಿ ಪರೀಕ್ಷಿಸುವ ಪುಟ್ಟ ಕೋಣೆಗೆ ಅಭಿಯನ್ನು ಕಳಿಸಿದರು. ಹೊರಗೆ ಬೆಂಚಿನ ಮೇಲೆ ಅತ್ತೆ ಸೊಸೆ ಕಾದು ಕೂತರು. ಅವನು ಹೊರಗೆ ಬಂದಾಗ ಚೀಟಿಯಲ್ಲಿ ಎರಡು ಗೆರೆಗಳಿದ್ದವು. ಬಲಗಿವಿಯದು ಮೇಲೆ ನೆಟ್ಟಗೆ. ಎಡಗಿವಿಯದು ತಳ ಸೇರಿತ್ತು.

"ಎಡಗಿವಿ ಕೇಳಿಸೋದೇ ಇಲ್ಲ," ಅಂದರು ಡಾಕ್ಟರು. "ಮಂಗನಬಾವಿನಿಂದ ಒಂದು ಕಿವಿ ಹೀಗೆ ಹೋಗೋದುಂಟು. ನಿಮ್ಮದೂ ಹಾಗೇ ಆಗಿರಬೇಕು. ಇಷ್ಟು ವರ್ಷ ಯಾರಿಗೂ ಹೇಳಲಿಲ್ವಾ?"

"ಏನಂತ ಹೇಳ್ಲಿ ಮೇಡಂ?" ಅಭಿ ಎಡಗಿವಿ ಮುಟ್ಟಿಕೊಂಡ. "ಎಲ್ರಿಗೂ ಇಷ್ಟೇ ಕೇಳ್ತದೆ ಅಂದ್ಕೊಂಡಿದ್ದೆ. ಎಲ್ರೂ ಹೆಂಗೋ ನಿಭಾಯಿಸ್ತಾರೆ, ನಂಗೊಬ್ಬಂಗೇ ಆಗಲ್ಲ ಅಂತ."

"ಮನೇಲಿ ನಾವೆಲ್ಲ ಕಿರುಚೋರೇ," ಅಂದಳು ಪ್ರೇಮಮ್ಮ. ಸೆರಗು ಕಣ್ಣಿಗೆ ಹೋಗಿತ್ತು. "ಗಾಣದ ಸದ್ದಲ್ಲಿ ಯಾರಿಗೆ ಯಾರ ಮಾತೂ ಕೇಳಾಕಿಲ್ಲ. ಇವನೊಬ್ಬಂಗೆ ಕೇಳ್ತಿಲ್ಲ ಅಂತ ಎಂಗೆ ಗೊತ್ತಾಗ್ಬೇಕು? ಎತ್ತವ್ವ ನಾನು, ಕೇಳಿಸ್ದೇ ಇದ್ದೋನಿಗೆ ಮಾತಾಡಲ್ಲ ಅಂತ ಬೈದೆನಲ್ಲ."

"ಅಳಬೇಡಿ. ಕಳೆದ ಕಿವಿ ಬರಲ್ಲ, ಆದರೆ ಉಪಾಯಗಳಿವೆ. ಎದುರಿಗೋ ಬಲಗಡೆಯೋ ನಿಂತು ಮಾತಾಡಿ, ಅರ್ಧ ಕಷ್ಟ ಅಲ್ಲೇ ಹೋಗುತ್ತೆ. ಯಂತ್ರಗಳೂ ಇವೆ, ಇನ್ನೊಂದು ಸಲ ಬಂದಾಗ ನೋಡೋಣ. ಆಟಿಸಂ ಅಂದರೆ ಮಗುವಾಗಿದ್ದಾಗಿಂದಲೇ ಇರೋದು. ನಿಮ್ಮ ಮಾತು, ಬಾಲ್ಯ ಎಲ್ಲಾ ಕೇಳಿದ ಮೇಲೆ ನನಗೆ ಅದು ಕಾಣ್ತಿಲ್ಲ. ನೀವು ಸುಳ್ಳು ಹೇಳಿಲ್ಲ ಅಭಿ. ಪರೀಕ್ಷೆ ಏನು ಅಂತ ಕೇಳ್ತು, ಯಾಕೆ ಅಂತ ಕೇಳಲಿಲ್ಲ." ಸ್ವಲ್ಪ ತಡೆದು ಮತ್ತೆ ಅಂದರು, "ಇನ್ನೊಂದು ಮಾತು. ಅದೇ ಆಗಿದ್ದರೂ ಮದುವೆ ಬಿಡೋಕೆ ಅದು ಕಾರಣ ಆಗ್ತಿರಲಿಲ್ಲ."

ಅಭಿ ಎದ್ದವನು ಬಾಗಿಲಲ್ಲಿ ನಿಂತ. "ಮೇಡಂ, ನಮ್ಮ ಚಿಕ್ಕಪ್ಪ ಒಬ್ರು ಅವ್ರೆ." ಅಚ್ಚು ಜೋಡಿಸುವುದು, ತಟ್ಟೆಯ ಸಾಲು, ಹಸಿರು ಪಟ್ಟಿ ಎಲ್ಲ ಹೇಳಿದ.

"ಅವರಿಗೆ ಏನಾದರೂ ಕಷ್ಟ ಇದೆಯಾ?"

"ಇಲ್ಲ. ನಮಗೂ ಇಲ್ಲ."

"ಅವರಿಗೆ ಬೇಕು ಅನ್ನಿಸಿದ ದಿನ ಕರ್ಕೊಂಡು ಬನ್ನಿ. ಹಸಿರು ಬಂತು ಅಂತ ಇಲ್ಲ ಅನ್ನೋಕಾಗಲ್ಲ. ಹೆಸರಿಲ್ಲದೇನೇ ಅವರನ್ನ ಚೆನ್ನಾಗಿ ನೋಡ್ಕೊಂಡಿದ್ದೀರಿ, ಅಷ್ಟಂತೂ ಗೊತ್ತಾಗ್ತಿದೆ."

ಬೆಟ್ಟ ಹತ್ತಿ ಭೈರವನ ಎದುರು ಬೆಲ್ಲ ಇಟ್ಟರು. ಮಂಗಳಾರತಿಯ ಗಂಟೆ ಮೊಳಗಿತು.

"ಯಾವ ಕಡೆಯಿಂದ ಕೇಳ್ತದ್ಲಾ?" ಸಣ್ಣಮ್ಮ ಅವನ ಬಲಕ್ಕೆ ಸರಿದು ಕೇಳಿದಳು.

"ಬಲಗಡೆಯಿಂದ ಅಜ್ಜಿ. ಎಲ್ಲಾ ಗುಡೀಲೂ ಬಲಗಡೆಯಿಂದಾನೇ. ದೇವ್ರು ಆ ಕಡೆಯಿಂದಾನೇ ಕರೀತಾನೆ ಅಂದ್ಕೊಂಡಿದ್ದೆ."

"ಸರಿಯಾಗೇ ಅಂದ್ಕೊಂಡಿದ್ದೀಯ," ಅಂದು ಮುದುಕಿ ಕೈ ಮುಗಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಪ್ರೇಮಮ್ಮ ಮಗನನ್ನು ಕಿಟಕಿಯಿಂದ ಎಬ್ಬಿಸಿ, ಬಸ್ಸೆಲ್ಲ ಹುಡುಕಿ, ಅವನ ಬಲಕ್ಕೆ ತಾನು ಕೂರುವಂಥ ಸೀಟು ಹಿಡಿದಳು. ಪಾಂಡವಪುರ ಬರುವತನಕ ಅವಳು ಬಾಯಿ ಮುಚ್ಚಲಿಲ್ಲ. ಅವನೂ ಮುಚ್ಚಲಿಲ್ಲ.

ಮನೆಗೆ ಬಂದ ರಾತ್ರಿ ವಿಷಯ ಕೇಳಿದ ಶಿವಲಿಂಗಯ್ಯ ಬಹಳ ಹೊತ್ತು ಕೈಯಲ್ಲಿ ತುತ್ತು ಹಿಡಿದೇ ಕೂತಿದ್ದ. ಮಾರನೆಯ ದಿನ ಸಿಂಧಘಟ್ಟಕ್ಕೆ ತಾನೇ ಫೋನು ಮಾಡಿದ. "ಮನೆ ನೋಡಾಕೆ ಬನ್ನಿ. ಬರೋಕೆ ಮುಂಚೆ ಒಂದು ಮಾತು ಕೇಳ್ಕೊಳ್ಳಿ," ಅಂತ ಎಲ್ಲ ಹೇಳಿದ. ನಿಂಗರಾಜು ಯೋಚನೆ ಮಾಡಿ ಹೇಳುತ್ತೇನೆ ಅಂದ. ನಾಲ್ಕು ದಿನ ಫೋನು ಬರಲಿಲ್ಲ. ಅಭಿ ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದ, ಮನೆಗೆ ಬಂದು ಉಣ್ಣುತ್ತಿದ್ದ. ಐದನೆಯ ದಿನ ಭಾನುವಾರ, ಹೇಳದೆ ಕೇಳದೆ ಮನೆ ಮುಂದೆ ಒಂದು ಟೆಂಪೋ ನಿಂತಿತು. ನಿಂಗರಾಜು, ಅವನ ಹೆಂಡತಿ, ಅವನ ತಾಯಿ ಇಳಿದರು. ಹಿಂದಿನಿಂದ ಹೇಮ.

"ಹುಡ್ಗಿ ಬರೋ ಪದ್ಧತಿ ಇಲ್ಲ ಅಂದೆ," ಅಂದ ನಿಂಗರಾಜು ನಾಚಿಕೊಂಡು. "ಕೇಳ್ಬೇಕಲ್ಲ. ನಾಲ್ಕು ದಿನ ನಮ್ಮನೇಲಿ ಇದೇ ರಾಮಾಯಣ."

ಅವನ ತಾಯಿ ಊರುಗೋಲು ಊರುತ್ತ ನೇರ ಅಭಿಯ ಹತ್ತಿರ ಬಂದು, ಅವನ ಬಲಗಿವಿ ಹಿಡಿದು ಜಗ್ಗಿದಳು. "ಈ ಕಡೇದು ಕೇಳ್ತದೇನಪ್ಪ?"

"ಕೇಳ್ತದೆ ಅಜ್ಜಿ."

"ಅವತ್ತು ಜಂಬ ಅಂತ ಬಾಯಿಗೆ ಬಂದಂಗೆ ಅಂದ್ಬುಟ್ಟೆ. ಮನಸ್ಸಿಗೆ ಹಾಕ್ಕೋಬ್ಯಾಡ. ನಮ್ಮನೆಯವ್ರಿಗೆ ಎರಡು ಕಿವೀನೂ ಇದ್ವು, ನನ್ ಮಾತು ಒಂದು ದಿನಾನೂ ಕೇಳ್ಳಿಲ್ಲ. ಒಂದು ಕಿವಿ ಸಾಕು ಕಣವ್ವ ಹೇಮ."

ಸಣ್ಣಮ್ಮ ಗಟ್ಟಿಯಾಗಿ ನಕ್ಕಳು. ಪ್ರೇಮಮ್ಮ ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಳು. ಹೇಮ ಕೇಳದೆಯೇ ಒಳಗೆ ಹೋಗಿ ಕಾಯಿ ತುರಿಯಲು ಕೂತಳು. ನೆಂಟರಿಗೋಸ್ಕರ ಶಿವಲಿಂಗಯ್ಯ ಗಾಣ ನಿಲ್ಲಿಸಿದ.

ಊಟದ ಹೊತ್ತಾಯಿತು. ನರಸಯ್ಯ ತಟ್ಟೆಗಳನ್ನು ಎದೆಗೆ ಅವುಚಿಕೊಂಡು ಪಡಸಾಲೆಯ ನಡುವೆ ನಿಂತ. ನಾಲ್ಕು ಜನ ಹೊಸಬರು. ಇವನು ಈಗ ತನ್ನ ತಟ್ಟೆ ತಗೊಂಡು ಆಲೆಮನೆಗೆ ಹೋಗುತ್ತಾನೆ ಅಂತ ಮನೆಯವರೆಲ್ಲ ಅಂದುಕೊಂಡರು. "ಓಗ್ಲಿ ಬುಡು, ಅಲ್ಲಿಗೇ ಬಡಿಸಿ ಕೊಡ್ತೀನಿ," ಅಂದಳು ಪ್ರೇಮಮ್ಮ.

ನರಸಯ್ಯ ಬಾಗಿಲ ಕಡೆಗೆ ಹೋಗಲಿಲ್ಲ. ಗೋಡೆಯ ಪಕ್ಕ, ತಾಯಿಯ ಜಾಗಕ್ಕೆ ಹೋಗಿ ಬಗ್ಗಿ ಒಂದು ತಟ್ಟೆ ಇಟ್ಟ. ಸೊಟ್ಟಗಿದೆಯೇ ಅಂತ ನೋಡಿ ಸರಿಮಾಡಿದ. ಅದರ ಪಕ್ಕ ಇನ್ನೊಂದು. ಆಮೇಲೆ ಮಿಕ್ಕವನ್ನೆಲ್ಲ ಸಾಲಾಗಿ ಬಾಗಿಲ ತನಕ.

"ನನ್ ಜಾಗ ಕಿತ್ಕೊಂಡ್ಯೇನ್ಲಾ ನರಸ?" ಅಂದಳು ಸಣ್ಣಮ್ಮ.

ನರಸಯ್ಯ ಗೋಡೆಯ ಪಕ್ಕದ ತಟ್ಟೆಗೆ ತಾನೇ ಹೋಗಿ ಕೂತ. ಪಕ್ಕದ್ದನ್ನು ಬೆರಳಿನಿಂದ ತಟ್ಟಿದ.

"ಅಭಿ, ಇಲ್ ಬಾ. ಎಡಗಡೆ ನಾನಿರ್ತೀನಿ. ನಾನು ಮಾತಾಡಾಕಿಲ್ಲ. ಮಾತಾಡೋರೆಲ್ಲ ಆ ಕಡೆ ಕೂತ್ಕಳಿ."

ಶಿವಲಿಂಗಯ್ಯ ಕಂಬದ ಕಡೆ ತಿರುಗಿ ಮುಖ ಒರೆಸಿಕೊಂಡ. ಅಭಿ ಹೋಗಿ ಚಿಕ್ಕಪ್ಪನ ಪಕ್ಕ ಕೂತ. ಅವನ ಬಲಕ್ಕಿದ್ದ ತಟ್ಟೆಯ ಮುಂದೆ ಯಾರು ಕೂರಬೇಕೆಂದು ಹಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗಲೇ, ಕಾಯಿ ತುರಿದ ಕೈ ತೊಳೆದುಕೊಂಡು ಬಂದ ಹೇಮ ಸೀರೆ ಸರಿಮಾಡಿಕೊಂಡು ಅಲ್ಲಿ ಕೂತುಬಿಟ್ಟಳು.

ಸಣ್ಣಮ್ಮ ಬಾಗಿಲ ಪಕ್ಕ, ನಿಂಗರಾಜುವಿನ ತಾಯಿಯ ಜೊತೆ ಕೂತಳು. ಪ್ರೇಮಮ್ಮ ಒಬ್ಬಟ್ಟಿನ ಮೇಲೆ ತುಪ್ಪ ಹಾಕುತ್ತ ಬಂದಳು.

ಹೇಮ ಮೆಲ್ಲಗೆ, ತೀರಾ ಮೆಲ್ಲಗೆ, ಏನೋ ಹೇಳಿದಳು. ಆ ಮನೆಯಲ್ಲಿ ಯಾರೂ ಅಷ್ಟು ಮೆಲ್ಲಗೆ ಮಾತಾಡಿದವರಲ್ಲ, ಹಾಗಾಗಿ ಬೇರೆ ಯಾರಿಗೂ ಕೇಳಿಸಲಿಲ್ಲ. ಅಭಿ ನಕ್ಕುಬಿಟ್ಟ.